ಜಯವೂ ತತ್ತ್ವವೂ: ತರ್ಕಕ್ರೀಡೆಗಳ ವಿಚಾರ

ಪಾಶ್ಚಾತ್ಯ ತರ್ಕಶಾಸ್ತ್ರದಲ್ಲಿಯೂ ಅದರ ಬೆನ್ನಿಗೆ ಬೆಳೆದ ಗಣಕವಿಜ್ಞಾನದಲ್ಲಿಯೂ ಆಟವೆಂಬುದು ಶಾಸ್ತ್ರೀಯವಾದ ಒಂದು ಸಾಧನವಾಗಿ ಬಳಕೆಗೆ ಬಂದು ಅರುವತ್ತು ವರ್ಷಗಳಿಗೂ ಮೇಲಾಯಿತು. ಒಂದು ವಾಕ್ಯವು ಸತ್ಯವೇ ಅಸತ್ಯವೇ ಎಂಬ ಪ್ರಶ್ನೆಯನ್ನು ಇಬ್ಬರು ಆಟಗಾರರ ಸ್ಪರ್ಧೆಯನ್ನಾಗಿ ಮಾರ್ಪಡಿಸಿ, ಗೆಲ್ಲುವ ಉಪಾಯವು ಯಾರ ಕಡೆಗಿದೆಯೆಂದು ವಿಚಾರಿಸುವುದು ಇದರ ಕ್ರಮ. ಈ ಸಂಗತಿಯು ಈ ದೇಶದ ವಿದ್ವಾಂಸರ ಕಿವಿಗೆ ಬಿದ್ದರೆ ಎರಡು ಬಗೆಯ ಮಾತುಗಳು ಹೊರಡುವುದು ಸಹಜ. ಇದು ಗೌತಮನ ವಾದಜಲ್ಪವಿತಂಡೆಗಳ ಮರುಹುಟ್ಟು, ಹೊಸದೇನೂ ಇಲ್ಲ ಎಂಬುದು ಒಂದು. ಮಕ್ಕಳಾಟವನ್ನು ತಂದು ಶಾಸ್ತ್ರಕ್ಕೆ ಹಚ್ಚಿದ್ದಾರೆ ಎಂಬುದು ಇನ್ನೊಂದು. ಇವೆರಡೂ ಪರೀಕ್ಷೆಯನ್ನು ಸೈರಿಸಲಾರವು. ಅವುಗಳಲ್ಲಿ ಮೊದಲನೆಯದೇ ಹೆಚ್ಚು ಅಪಾಯಕರವಾದುದು; ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ.

ನ್ಯಾಯಶಾಸ್ತ್ರದಲ್ಲಿ ಕಥೆಯೆಂದರೆ ಸಾಹಿತ್ಯದ ಕಥೆಯಲ್ಲ, ವಾದಿಪ್ರತಿವಾದಿಗಳು ಪಕ್ಷಪ್ರತಿಪಕ್ಷಗಳನ್ನು ಹಿಡಿದು ನಡೆಸುವ ಮಾತುಕತೆ ಎಂಬುದು ವಿದಿತವೇ ಆಗಿದೆ. ಸೂತ್ರಕಾರನು ಎಣಿಸಿದ 16 ಪದಾರ್ಥಗಳಲ್ಲಿ ಹತ್ತನೆಯದರಿಂದ ಹನ್ನೆರಡನೆಯವರೆಗಿನ ಮೂರೂ ಕಥಾಭೇದಗಳೇ. ತತ್ತ್ವವನ್ನು ತಿಳಿಯಬೇಕೆಂಬುದೇ ಉದ್ದೇಶವಾದರೆ ಅದು ವಾದ. ಗೆಲ್ಲಬೇಕೆಂಬ ಇಚ್ಛೆಯಿಂದ ಛಲ, ಜಾತಿ, ನಿಗ್ರಹಸ್ಥಾನಗಳನ್ನೂ ಬಳಸಿಕೊಂಡರೆ ಜಲ್ಪ. ಜಲ್ಪದಲ್ಲಿಯೇ ಸ್ವಪಕ್ಷಸ್ಥಾಪನೆಯನ್ನು ಬಿಟ್ಟು ಪರಪಕ್ಷಖಂಡನೆಯೊಂದನ್ನೇ ಉಳಿಸಿಕೊಂಡರೆ ವಿತಂಡೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯರ ಸಂಭಾಷೆಯನ್ನು ಸಂಧಾಯ, ವಿಗೃಹ್ಯ ಎಂದು ಎರಡಾಗಿ ಒಡೆದಿರುವುದೂ ಇದೇ ಜಾಡಿನದು. ಜಲ್ಪವಿತಂಡೆಗಳಿಗೆ ಗೌತಮನು ಕೊಟ್ಟ ಸ್ಥಾನವನ್ನು ಇಲ್ಲಿ ನೆನೆಯಬೇಕು. ಮೊಳಕೆಯನ್ನು ಕಾಯಲು ಸುತ್ತಲೂ ಮುಳ್ಳು ಹಾಕುವಂತೆ ತತ್ತ್ವನಿಶ್ಚಯದ ರಕ್ಷಣೆಗಾಗಿ ಅವು ಇರತಕ್ಕವು ಎಂಬುದು ಆತನ ಆಶಯ. ಮುಳ್ಳುಬೇಲಿಯು ಬೆಳೆಯನ್ನು ಕಾಯುವುದೇ ಹೊರತು ತಾನು ಫಲ ಕೊಡುವುದಿಲ್ಲ. ಹಾಗೆಯೇ ಜಯವು ತತ್ತ್ವವನ್ನು ಕಾಯಬಹುದೇ ಹೊರತು ತತ್ತ್ವಕ್ಕೆ ಪ್ರಮಾಣವಾಗಲಾರದು.

ಈ ಎಚ್ಚರವು ಏಕೆ ಬೇಕಾಯಿತೆಂಬುದು 22 ನಿಗ್ರಹಸ್ಥಾನಗಳ ಪಟ್ಟಿಯನ್ನು ನೋಡಿದರೆ ಸ್ಪಷ್ಟವಾಗುತ್ತದೆ. ಹೇತ್ವಾಭಾಸದಂಥವು ಪಕ್ಷದ ದೋಷಗಳು. ಆದರೆ ಉತ್ತರ ಹೊಳೆಯದಿರುವ ಅಪ್ರತಿಭೆ, ಎದುರಾಳಿಯು ಮೂರು ಸಲ ಹೇಳಿ ಸಭೆಗೆ ತಿಳಿದ ಮಾತನ್ನು ಮರಳಿ ನುಡಿಯಲಾರದ ಅನನುಭಾಷಣ, ಬೇರೆ ಕೆಲಸದ ನೆವದಿಂದ ಕಥೆಯನ್ನು ನಡುವೆ ಕಡಿದು ಏಳುವ ವಿಕ್ಷೇಪ, ಇವು ಪುರುಷನ ದೋಷಗಳು. ಸರಿಯಾದ ಪಕ್ಷವನ್ನು ಹಿಡಿದವನೂ ಆ ಗಳಿಗೆಯಲ್ಲಿ ಬುದ್ಧಿ ಮಂಕಾದರೆ ಸೋಲುವನು; ತಪ್ಪು ಪಕ್ಷವನ್ನು ಹಿಡಿದವನೂ ಚುರುಕಾಗಿದ್ದರೆ ಗೆಲ್ಲುವನು. ರಾಜಸಭೆಗಳ ವಾದವೃತ್ತಾಂತಗಳನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆಧುನಿಕ ತರ್ಕಕ್ರೀಡೆಯು ಬೇರೆಯಾಗುವುದು ಸರಿಯಾಗಿ ಈ ಕಡೆಯಲ್ಲಿ. ಅದನ್ನು ತಿಳಿಯಲು ಮೊದಲು ಲೌಕಿಕವಾದ ಆಟವೊಂದನ್ನೇ ನೋಡುವುದು ಮೇಲು. ಚದುರಂಗದ ಮಣೆಯಂಥ ಮಣೆಯ ಮೇಲೆ ದುಂಡುಕಾಯಿಗಳಿಂದ ಆಡುವ ಚೆಕರ್ಸ್ ಎಂಬ ಆಟವು ಅಮೇರಿಕಾ, ಇಂಗ್ಲೆಂಡುಗಳಲ್ಲಿ ಪ್ರಸಿದ್ಧವಾದುದು. ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾನಿಲಯದಲ್ಲಿ ಜೊನಾಥನ್ ಷೇಫರನೂ ಅವನ ಸಂಗಡಿಗರೂ ಈ ಆಟಕ್ಕಾಗಿ ಚಿನೂಕ್ ಎಂಬ ಹೆಸರಿನ ಗಣಕವ್ಯವಸ್ಥೆಯೊಂದನ್ನು ಸಿದ್ಧಪಡಿಸಿದರು. 1994ರಲ್ಲಿ ಅದು ಮೇರಿಯನ್ ಟಿನ್ಸ್‌ಲಿ ಎಂಬ ಅದ್ವಿತೀಯ ಆಟಗಾರನಿಗೆ ಎದುರಾಯಿತು. ಆರು ಆಟಗಳು ಸಮವಾಗಿ ಮುಗಿದ ಮೇಲೆ ಟಿನ್ಸ್‌ಲಿಯು ಅನಾರೋಗ್ಯದಿಂದ ಹಿಂದೆ ಸರಿದನು. ಪದವಿಯು ಯಂತ್ರಕ್ಕೆ ಬಂದಿತು. ಆತನ ರೋಗವು ನಿಜವಾದುದಾದ್ದರಿಂದ ಅದನ್ನು ವಿಕ್ಷೇಪವೆನ್ನಲಾಗದು. ಆದರೂ ಕಥೆಯು ಕಡಿದುದರಿಂದ ಎದುರಾಳಿಗೆ ಜಯ ಬಂದಿತೆಂಬುದರಲ್ಲಿ ಸಂದೇಹವಿಲ್ಲ. ಈ ಜಯದಿಂದ ಚೆಕರ್ಸ್ ಆಟದ ಸ್ವರೂಪದ ವಿಷಯದಲ್ಲಿ ಯಾವ ತತ್ತ್ವವೂ ತಿಳಿದುಬರಲಿಲ್ಲ. 13 ವರ್ಷಗಳ ಅನಂತರ, 2007ರಲ್ಲಿ, ಅದೇ ಷೇಫರನ ಬಳಗದವರು ಬೇರೊಂದನ್ನು ಪ್ರಕಟಿಸಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಚೆಕರ್ಸ್ ಸಮವಾಗಿಯೇ ಮುಗಿಯತಕ್ಕದ್ದು ಎಂದು ಲೆಕ್ಕದಿಂದ ಸಾಧಿಸಿದರು. ಈ ಆಟದಲ್ಲಿ ಸಂಭವಿಸಬಲ್ಲ ಸ್ಥಿತಿಗಳ ಸಂಖ್ಯೆಯು 5ರ ಮುಂದೆ 20 ಸೊನ್ನೆಗಳನ್ನಿಟ್ಟಷ್ಟು. 1994ರದು ಜಲ್ಪದ ಜಯ; 2007ರದು ನಿರ್ಣಯ. ಎರಡನ್ನೂ ಗೆಲುವೆಂಬ ಒಂದೇ ಮಾತಿನಿಂದ ಕರೆದರೆ ವಿಷಯವೇ ಕೆಟ್ಟುಹೋಗುತ್ತದೆ.

ಈ ಭೇದಕ್ಕೆ ಗಣಿತದ ರೂಪವನ್ನು ಕೊಡುವ ಕೆಲಸವು 1913ರಲ್ಲಿಯೇ ಆರಂಭವಾಯಿತು. ಚದುರಂಗದಲ್ಲಿ ಬಿಳಿಯ ಕಡೆಯವನಿಗೆ ತಪ್ಪದೆ ಗೆಲ್ಲುವ ಉಪಾಯವಿದೆ, ಅಥವಾ ಕರಿಯ ಕಡೆಯವನಿಗೆ ಇದೆ, ಅಥವಾ ಇಬ್ಬರಿಗೂ ಸೋಲದೆ ಉಳಿಯುವ ಉಪಾಯವಿದೆ. ಈ ಮೂರರಲ್ಲಿ ಒಂದು ಇದ್ದೇ ತೀರಬೇಕು ಎಂಬ ಸಿದ್ಧಾಂತವು ಅರ್ನ್‌ಸ್ಟ್ ತ್ಸೆರ್ಮೆಲೊ ಎಂಬ ಜರ್ಮನ್ ಗಣಿತಜ್ಞನ ಆ ವರ್ಷದ ಲೇಖನದಿಂದ ಬಂದುದು. ಆ ಮೂರರಲ್ಲಿ ಯಾವುದೆಂಬುದು ಈಗಲೂ ತಿಳಿದಿಲ್ಲ. ಇಲ್ಲಿ ಉಪಾಯವೆಂದರೆ ಒಂದು ಜಾಣನಡೆಯಲ್ಲ. ಎದುರಾಳಿಯು ಏನನ್ನೇ ಮಾಡಲಿ, ಅದಕ್ಕೆ ಮಾಡತಕ್ಕ ಪ್ರತಿಕ್ರಿಯೆಯನ್ನು ಮುಂದಾಗಿಯೇ ಗೊತ್ತುಪಡಿಸಿಟ್ಟ ಪೂರ್ಣವಾದ ವಿಧಿ. ಇಂಥದನ್ನು ಜಯೋಪಾಯವೆಂದು ಕರೆಯಬಹುದು. ಜಯವು ಒಬ್ಬ ಪುರುಷನಿಗೆ ಒಂದು ದಿನ ದೊರೆಯುವುದು. ಜಯೋಪಾಯವು ಆಟದ ಸ್ವರೂಪದಲ್ಲಿಯೇ ಇರುವುದು, ಅಥವಾ ಇಲ್ಲದಿರುವುದು. ಆಡುವವನ ಪ್ರತಿಭೆಗೂ ನೆನಪಿಗೂ ಆರೋಗ್ಯಕ್ಕೂ ಅದರೊಡನೆ ಸಂಬಂಧವಿಲ್ಲ. ಪುರುಷದೋಷಗಳೆಲ್ಲ ಒಂದೇ ಏಟಿಗೆ ಕಳಚಿಹೋಗುತ್ತವೆ. ಗೌತಮನು ಜಯವನ್ನು ತತ್ತ್ವದಿಂದ ಬೇರ್ಪಡಿಸಿದನು. ಆಧುನಿಕರು ಜಯದ ಬದಲು ಜಯೋಪಾಯವನ್ನು ಹಿಡಿದು ಅದನ್ನು ತತ್ತ್ವದೊಡನೆ ಮರಳಿ ಕೂಡಿಸಿದರು. ಇದು ನ್ಯಾಯಸೂತ್ರದಲ್ಲಿ ಇಲ್ಲ. ಇದೆಯೆಂದು ಹೇಳುವವರು ಸೂತ್ರವನ್ನು ತೋರಿಸಬೇಕಾಗುತ್ತದೆ.

ಫಿನ್ಲೆಂಡಿನ ಯಾಕ್ಕೊ ಹಿಂಟಿಕ್ಕನು (1929–2015) ಇದನ್ನು ವಾಕ್ಯಾರ್ಥದ ವಿಚಾರಕ್ಕೆ ತಂದ ರೀತಿಯು ಸರಳವಾದುದು. ವಾಕ್ಯವೊಂದರ ಸುತ್ತ ಸಾಧಕ, ಬಾಧಕ ಎಂಬಿಬ್ಬರು ಕೂಡುವರು. ವಾಕ್ಯದಲ್ಲಿ 'ಅಥವಾ' ಎಂದು ಬಂದರೆ ಎರಡರಲ್ಲೊಂದನ್ನು ಸಾಧಕನು ಆರಿಸತಕ್ಕದ್ದು. 'ಮತ್ತು' ಎಂದು ಬಂದರೆ ಬಾಧಕನು ಆರಿಸತಕ್ಕದ್ದು. 'ಒಂದು ಇದೆ' ಎಂದಿದ್ದರೆ ಅದನ್ನು ಹುಡುಕಿ ತರುವ ಭಾರ ಸಾಧಕನದು. 'ಎಲ್ಲವೂ' ಎಂದಿದ್ದರೆ ತನಗೆ ಬೇಕಾದುದನ್ನು ಎತ್ತಿಕೊಂಡು ಪರೀಕ್ಷಿಸುವ ಅಧಿಕಾರ ಬಾಧಕನದು. ನಿಷೇಧವು ಬಂದಾಗ ಇಬ್ಬರೂ ಸ್ಥಾನಗಳನ್ನು ಅದಲುಬದಲು ಮಾಡಿಕೊಳ್ಳುವರು. ಪ್ರತಿಯೊಂದು ಸಂಖ್ಯೆಗೂ ಅದಕ್ಕಿಂತ ದೊಡ್ಡದೊಂದು ಸಂಖ್ಯೆಯಿದೆ ಎಂಬ ವಾಕ್ಯವನ್ನು ತೆಗೆದುಕೊಂಡರೆ, ಬಾಧಕನು 1000 ಎಂದರೆ ಸಾಧಕನು 1001 ಎನ್ನುವನು. ಬಾಧಕನು ಏನೆಂದರೂ ಒಂದನ್ನು ಕೂಡಿಸಿ ಹೇಳುವುದೇ ಜಯೋಪಾಯ. ಅದಿರುವುದರಿಂದಲೇ ವಾಕ್ಯವು ಸತ್ಯ. ಹಿಂಟಿಕ್ಕನು ಇವನ್ನು ಹುಡುಕುವ, ಕಂಡುಹಿಡಿಯುವ ಆಟಗಳೆಂದು ಕರೆದು, ಹೊರಾಂಗಣದ ಆಟಗಳೆಂದು ಎಣಿಸಿದನು. ಆಟದ ಕೊನೆಯಲ್ಲಿ ಉಳಿಯುವ ಅಂಶವಾಕ್ಯವು ನಿಜವೋ ಅಲ್ಲವೋ ಎಂಬುದನ್ನು ಲೋಕವೇ ತೀರ್ಮಾನಿಸಬೇಕು. ನೈಯಾಯಿಕನ ದೃಷ್ಟಿಯಿಂದ ನೋಡಿದರೆ ಪ್ರತ್ಯಕ್ಷಾದಿ ಪ್ರಮಾಣಗಳಿಗೆ ಇಲ್ಲಿ ಬಾಗಿಲು ತೆರೆದೇ ಇದೆ.

ಇದಕ್ಕಿಂತ ಹಿಂದಿನದೂ ಕಥಾಶಾಸ್ತ್ರಕ್ಕೆ ಹತ್ತಿರವಾದುದೂ ಆದುದು ಪೌಲ್ ಲೋರೆಂಟ್ಸೆನ್ನನ ಸಂವಾದತರ್ಕ. ಆತನು ಅದನ್ನು 1958ರಲ್ಲಿ ಇಟಲಿಯಲ್ಲಿ ಕೂಡಿದ ತತ್ತ್ವಶಾಸ್ತ್ರ ಸಮ್ಮೇಳನದಲ್ಲಿ ಮಂಡಿಸಿದನು. ಕೂನೊ ಲೋರೆಂಟ್ಸನು ಮುಂದೆ ಬೆಳೆಯಿಸಿದನು. ಆತನಿಗೆ ಪ್ರೇರಣೆಯು ಭಾರತದಿಂದ ಬರಬೇಕಾಗಿರಲಿಲ್ಲ. ಅರಿಸ್ಟಾಟಲನ ತರ್ಕಗ್ರಂಥಗಳಲ್ಲೊಂದರ ಎಂಟನೆಯ ಭಾಗವು ಪ್ರಶ್ನೆ ಹಾಕುವವನಿಗೂ ಉತ್ತರ ಹೇಳುವವನಿಗೂ ಇರತಕ್ಕ ನಿಯಮಗಳಿಗೇ ಮೀಸಲಾಗಿದೆ. ಸ್ಪರ್ಧೆಯನ್ನು ಹೇಳುವ ಗ್ರೀಕ್ ಶಬ್ದವನ್ನೇ ಲೋರೆಂಟ್ಸೆನ್ನನು ತನ್ನ ಲೇಖನದ ಶೀರ್ಷಿಕೆಯಲ್ಲಿ ಇಟ್ಟನು. ಈ ಆಟದಲ್ಲಿ ವಾದಿಯು ಒಂದು ಪ್ರತಿಜ್ಞೆಯನ್ನು ಮಾಡುವನು, ಪ್ರತಿವಾದಿಯು ಆಕ್ಷೇಪಿಸುವನು. ಅಂಶವಾಕ್ಯವೊಂದನ್ನು ಪ್ರತಿವಾದಿಯು ಮೊದಲು ಒಪ್ಪಿ ನುಡಿದಿದ್ದರೆ ಮಾತ್ರ ವಾದಿಯು ಅದನ್ನು ನುಡಿಯಬಹುದು. ಎದುರಾಳಿಯ ಅಭ್ಯುಪಗಮದಿಂದಲೇ ಅವನನ್ನು ಕಟ್ಟಿಹಾಕುವ ರೀತಿಯು ಸಂಸ್ಕೃತಶಾಸ್ತ್ರಗಳನ್ನು ಓದಿದವರಿಗೆ ಅಪರಿಚಿತವಲ್ಲ.

ಈ ಆಟದ ನಿಜವಾದ ಬೆಲೆಯು ಒಂದು ಪ್ರಸಂಗದಲ್ಲಿ ಗೋಚರವಾಗುತ್ತದೆ. ವಾದಿಯು "ಇದು ಹೀಗಿದೆ, ಅಥವಾ ಹೀಗಿಲ್ಲ" ಎಂದು ಪ್ರತಿಜ್ಞೆ ಮಾಡಿದನೆನ್ನೋಣ. ಪ್ರತಿವಾದಿಯು "ಎರಡರಲ್ಲಿ ಯಾವುದು?" ಎಂದು ಕೇಳುವನು. "ಹೀಗಿದೆ" ಎನ್ನಲು ವಾದಿಗೆ ಅಧಿಕಾರವಿಲ್ಲ; ಪ್ರತಿವಾದಿಯು ಅದನ್ನು ಇನ್ನೂ ನುಡಿದಿಲ್ಲವಷ್ಟೆ. ಆದ್ದರಿಂದ ಅವನು "ಹೀಗಿಲ್ಲ" ಎನ್ನುವನು. ಅದನ್ನು ಖಂಡಿಸಬೇಕಾದರೆ ಪ್ರತಿವಾದಿಯು "ಹೀಗಿದೆ" ಎಂದೇ ನುಡಿಯಬೇಕು. ನುಡಿದೊಡನೆ ವಾದಿಗೆ ದಾರಿ ತೆರೆಯಿತು. ಅವನು ಹಿಂದಿನ ಪ್ರಶ್ನೆಗೆ ಮರಳಿ, "ಹಾಗಾದರೆ ಹೀಗಿದೆ ಎಂಬುದೇ ನನ್ನ ಉತ್ತರ" ಎನ್ನಬಹುದೇ? ಎನ್ನಬಹುದೆಂದು ನಿಯಮ ಮಾಡಿದರೆ ಅರಿಸ್ಟಾಟಲನಿಂದ ಬಂದ ರೂಢಿಯ ತರ್ಕವು ದೊರೆಯುವುದು; ಅದರಲ್ಲಿ 'ಇದೆ, ಅಥವಾ ಇಲ್ಲ' ಎಂಬುದು ಯಾವಾಗಲೂ ಸಿದ್ಧ. ಇತ್ತೀಚಿನ ಆಕ್ಷೇಪಕ್ಕೆ ಮಾತ್ರ ಉತ್ತರ ಕೊಡತಕ್ಕದ್ದು, ಹಿಂದಕ್ಕೆ ಹೋಗಿ ಉತ್ತರವನ್ನು ಬದಲಿಸತಕ್ಕದ್ದಲ್ಲ ಎಂದು ನಿಯಮ ಮಾಡಿದರೆ ಹಾಲೆಂಡಿನ ಬ್ರೌವರನ (1881–1966) ಪಂಥದವರ ತರ್ಕವು ದೊರೆಯುವುದು. ಅವರು ಸಾಧನೆಯಿಲ್ಲದೆ ಎರಡರಲ್ಲೊಂದೆಂದು ಹೇಳುವುದನ್ನು ಒಪ್ಪುವವರಲ್ಲ. ಗ್ರಂಥಗಟ್ಟಲೆ ನಡೆದ ವಿವಾದವೊಂದು ಉತ್ತರವನ್ನು ಹಿಂದೆಗೆದು ಬದಲಿಸಬಹುದೇ ಬಾರದೇ ಎಂಬ ಒಂದು ಕಥಾನಿಯಮಕ್ಕೆ ಇಳಿದುದು ಸಾಮಾನ್ಯವಾದ ಸಿದ್ಧಿಯಲ್ಲ.

ಗೌತಮನ ಸಭೆಯಲ್ಲಿ ಹೀಗೆ ಮರಳಿ ಉತ್ತರಿಸಿದವನಿಗೆ ಏನಾಗುತ್ತಿತ್ತು? ಪ್ರತಿಜ್ಞಾಂತರದ ಛಾಯೆಯು ಇಲ್ಲಿ ಸ್ಪಷ್ಟವಾಗಿದೆ. ಆದರೆ ಛಾಯೆಯೇ ಹೊರತು ಪ್ರತಿಜ್ಞಾಂತರವೇ ಅಲ್ಲ. ಮೂಲಪ್ರತಿಜ್ಞೆಯು ವಿಕಲ್ಪರೂಪದ್ದು, ವಾದಿಯು ಅದನ್ನು ಬಿಟ್ಟಿಲ್ಲ, ಅದರ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರಿದ್ದಾನೆ. ನಿಗ್ರಹಸ್ಥಾನಗಳನ್ನು ಪಾಠ ಹೇಳುವವರು ಈ ಉದಾಹರಣೆಯನ್ನು ಇಟ್ಟುಕೊಂಡರೆ ವಿದ್ಯಾರ್ಥಿಗಳಿಗೆ ಪ್ರತಿಜ್ಞಾಹಾನಿ, ಪ್ರತಿಜ್ಞಾಂತರಗಳ ಎಲ್ಲೆಯು ಚೆನ್ನಾಗಿ ಮನದಟ್ಟಾದೀತು.

ಹಿಂದಕ್ಕೂ ಮುಂದಕ್ಕೂ ಹಾರುವ ಈ ಸ್ವಾತಂತ್ರ್ಯದ ಇನ್ನೊಂದು ಮುಖವನ್ನು ತೋರಿಸಲು ತರ್ಕಜ್ಞರು ಒಂದು ವಿನೋದವಾದ ದೃಷ್ಟಾಂತವನ್ನು ಹೇಳುವುದುಂಟು. ಚದುರಂಗದಲ್ಲಿ ಕಾಯಿ ನಡೆಸುವುದಕ್ಕಿಂತ ಹೆಚ್ಚೇನೂ ತಿಳಿಯದವನೊಬ್ಬನು ಇಬ್ಬರು ಮಹಾನಿಪುಣರೊಡನೆ ಏಕಕಾಲದಲ್ಲಿ ಆಡಲು ಕೂಡುವನು. ಒಂದು ಮಣೆಯಲ್ಲಿ ಬಿಳಿಯ ಕಡೆ, ಇನ್ನೊಂದರಲ್ಲಿ ಕರಿಯ ಕಡೆ. ಮೊದಲನೆಯ ನಿಪುಣನು ಮಾಡಿದ ನಡೆಯನ್ನು ಎರಡನೆಯ ಮಣೆಯಲ್ಲಿ ತನ್ನದೆಂಬಂತೆ ಮಾಡುವನು. ಎರಡನೆಯವನ ಉತ್ತರವನ್ನು ಮೊದಲನೆಯ ಮಣೆಗೆ ಒಯ್ಯುವನು. ಕೊನೆಗೆ ಅವನು ಎರಡರಲ್ಲಿಯೂ ಸೋಲುವುದು ಅಸಾಧ್ಯ. ಒಂದರಲ್ಲಿ ಸೋತರೆ ಇನ್ನೊಂದರಲ್ಲಿ ಗೆದ್ದೇ ಇರುವನು. ಇದು 'ಇದೆ, ಅಥವಾ ಇಲ್ಲ' ಎಂಬುದರ ಜಯೋಪಾಯವೇ ಆಗಿದೆ. ಜಾನ್ ಕಾನ್ವೆಯು 1976ರಲ್ಲಿಯೂ ಆಂಡ್ರಿಯಾಸ್ ಬ್ಲಾಸನು 1992ರಲ್ಲಿಯೂ ಪ್ರಕಟಿಸಿದ ಕೃತಿಗಳ ಮೂಲಕ ಇಂಥ ಅನುಕರಣೋಪಾಯಕ್ಕೆ ಶಾಸ್ತ್ರದಲ್ಲಿ ಗೌರವದ ಸ್ಥಾನವು ದೊರೆಯಿತು.

ಈ ದೃಷ್ಟಾಂತವನ್ನು ನೈಯಾಯಿಕನು ಒಪ್ಪುವನೇ? ಅಜ್ಞಾನವು 22ರಲ್ಲಿ ಒಂದು ನಿಗ್ರಹಸ್ಥಾನ. ಈ ಅನುಕರಣಕಾರನು ಅಡಿಗಡಿಗೆ ಅಜ್ಞಾನದಲ್ಲಿಯೇ ನಿಂತಿರುವನು; ಆದರೂ ಅವನು ನಿಗೃಹೀತನಾಗುವುದಿಲ್ಲ. ಆಧುನಿಕ ತರ್ಕದ ಶಕ್ತಿಯೂ ಮಿತಿಯೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ವಸ್ತುವನ್ನರಿಯದೆ ಬರಿಯ ಆಕಾರದಿಂದ ಗೆಲ್ಲಬಹುದಾದುದೇ ಅಲ್ಲಿ ತರ್ಕಸಿದ್ಧವಾದ ಸತ್ಯ. ಯಂತ್ರಗಳಿಗೆ ಅದು ಒದಗುವುದೂ ಅದೇ ಕಾರಣದಿಂದ. ಯಂತ್ರವು ಅರಿಯದೆ ನಡೆಯತಕ್ಕದ್ದಷ್ಟೆ. ಭಾರತೀಯ ನ್ಯಾಯದಲ್ಲಾದರೊ ಪರ್ವತದಲ್ಲಿ ಬೆಂಕಿಯಿದೆಯೆಂದು ಅನುಮಾನಿಸುವವನು ಹೊಗೆಯನ್ನು ಕಂಡಿರಬೇಕು, ವ್ಯಾಪ್ತಿಯನ್ನು ತಿಳಿದಿರಬೇಕು. ಅದು ಜ್ಞಾನದ ಶಾಸ್ತ್ರ, ಆಕಾರದ ಶಾಸ್ತ್ರವಲ್ಲ. ಎರಡನ್ನೂ ತರ್ಕವೆಂಬ ಒಂದೇ ಹೆಸರಿನಿಂದ ಕರೆಯುವುದು ರೂಢಿಯಾಗಿದೆ. ಗೌತಮನ ತರ್ಕವು ಇವೆರಡೂ ಅಲ್ಲದೆ ಪ್ರಮಾಣಕ್ಕೆ ಸಹಾಯಕವಾದ ಊಹೆ ಮಾತ್ರ ಎಂಬುದನ್ನು ಇಲ್ಲಿ ಹೇಳಿ ಬಿಡುವುದು ಸಾಕು.

ಸಾಹಿತ್ಯವನ್ನು ಪಾಠ ಹೇಳುವವರಿಗೆ ಇವೆಲ್ಲಕ್ಕಿಂತ ಹೆಚ್ಚು ರುಚಿಸತಕ್ಕದ್ದು ಮತ್ತೊಂದು ಆಟ. ಒಂದು ಭಾಷೆಯಲ್ಲಿ ಏನನ್ನು ಹೇಳಲಾಗುವುದಿಲ್ಲ ಎಂಬುದನ್ನು ಸಾಧಿಸುವ ಆಟವದು. ಫ್ರೆಂಚ್ ತರ್ಕಜ್ಞ ರೋಲಾಂ ಫ್ರೈಸೆಯು 1950ರ ದಶಕದಲ್ಲಿ ಕಂಡ ವಿಷಯವನ್ನು ಪೋಲೆಂಡ್ ಮೂಲದ ಆಂಡ್ರೆ ಎಹ್ರೆನ್‌ಫೊಯ್ಖ್ಟನು 1961ರಲ್ಲಿ ಆಟದ ರೂಪಕ್ಕೆ ತಂದನು. ಎರಡು ಮಣಿಮಾಲೆಗಳಿವೆ, ದಾರವು ಕಟ್ಟಿಲ್ಲ, ಉದ್ದಕ್ಕೆ ಹಾಸಿದೆ. ಭೇದವಾದಿಯು ಇವೆರಡೂ ಬೇರೆಯೆಂದು ತೋರಿಸಲು ಹೊರಟವನು. ಅಭೇದವಾದಿಯು ವ್ಯತ್ಯಾಸ ಕಾಣದಂತೆ ಮಾಡಹೊರಟವನು. (ಈ ಹೆಸರುಗಳನ್ನು ವೇದಾಂತದ ಅರ್ಥದಲ್ಲಿ ತೆಗೆದುಕೊಳ್ಳಬೇಕಾಗಿಲ್ಲ.) ಭೇದವಾದಿಯು ಯಾವುದಾದರೊಂದು ಮಾಲೆಯಲ್ಲಿ ಒಂದು ಮಣಿಯನ್ನು ಮುಟ್ಟಿದರೆ ಅಭೇದವಾದಿಯು ಇನ್ನೊಂದು ಮಾಲೆಯಲ್ಲಿ ಸಮನಾದ ಮಣಿಯನ್ನು ಮುಟ್ಟಬೇಕು. ಗೊತ್ತುಪಡಿಸಿದಷ್ಟು ಸುತ್ತುಗಳು ಮುಗಿದ ಮೇಲೆ ಮುಟ್ಟಿದ ಮಣಿಗಳ ಹಿಂದುಮುಂದಿನ ಕ್ರಮವು ಎರಡರಲ್ಲಿಯೂ ಒಂದೇ ಆಗಿದ್ದರೆ ಅಭೇದವಾದಿಗೆ ಜಯ.

ಒಂದರಲ್ಲಿ 2 ಮಣಿ, ಇನ್ನೊಂದರಲ್ಲಿ 3 ಮಣಿ, ಆಟಕ್ಕೆ ಎರಡು ಸುತ್ತು ಎಂದಿಟ್ಟುಕೊಂಡರೆ, ಭೇದವಾದಿಯು ಮೂರರ ನಡುಮಣಿಯನ್ನು ಮುಟ್ಟುವನು. ಅಭೇದವಾದಿಗೆ ನಡುಮಣಿಯೇ ಇಲ್ಲ. ಅವನು ಮೊದಲಿನದನ್ನು ಮುಟ್ಟಿದರೆ ಭೇದವಾದಿಯು ನಡುಮಣಿಯ ಹಿಂದಿನದನ್ನು ಮುಟ್ಟುವನು. ಅತ್ತ ಹಿಂದೆ ಮಣಿಯಿಲ್ಲ. ಕೊನೆಯದನ್ನು ಮುಟ್ಟಿದರೂ ಹೀಗೆಯೇ. ಹಿಂದೊಂದು ಮುಂದೊಂದು ಮಣಿಯುಳ್ಳ ಮಣಿಯಿದೆ ಎಂಬ ವಾಕ್ಯವು ಈ ಮಾಲೆಗಳನ್ನು ಬೇರ್ಪಡಿಸುವುದೆಂದು ಇದರ ತಾತ್ಪರ್ಯ. ಆದರೆ 3 ಮತ್ತು 4 ಮಣಿಗಳ ಮಾಲೆಗಳಾದರೆ ಎರಡು ಸುತ್ತುಗಳಲ್ಲಿ ಅಭೇದವಾದಿಯೇ ಗೆಲ್ಲುವನು. ಮೂರು ಸುತ್ತುಗಳಿಗೆ 7 ಮತ್ತು 8, ಹತ್ತು ಸುತ್ತುಗಳಿಗೆ 1023 ಮತ್ತು 1024 ಅವನಿಗೆ ಸಾಕು. ಇದರಿಂದ ಫಲಿಸುವುದು ಏನೆಂದರೆ: 'ಎಲ್ಲ', 'ಒಂದು ಇದೆ', 'ಹಿಂದೆ', 'ಮುಂದೆ' ಎಂಬಿವನ್ನೂ 'ಮತ್ತು', 'ಅಥವಾ', 'ಅಲ್ಲ' ಎಂಬಿವನ್ನೂ ಮಾತ್ರ ಬಲ್ಲ ಭಾಷೆಯಲ್ಲಿ, ಮಾಲೆಯ ಮಣಿಗಳ ಸಂಖ್ಯೆಯು ಸಮ ಎಂಬಷ್ಟು ಚಿಕ್ಕ ಮಾತನ್ನು ಎಲ್ಲ ಮಾಲೆಗಳಿಗೂ ಹೊಂದುವಂತೆ ಹೇಳುವ ವಾಕ್ಯವೇ ಇಲ್ಲ. ಎಷ್ಟೇ ಉದ್ದದ ವಾಕ್ಯವನ್ನು ಕಟ್ಟಿದರೂ ಅದರ ಕಣ್ಣಿಗೆ ಒಂದೇ ಆಗಿ ತೋರುವ ಒಂದು ಬೆಸ, ಒಂದು ಸಮ ಮಾಲೆಗಳು ಇದ್ದೇ ಇರುತ್ತವೆ.

ಇಲ್ಲಿಯ ಸಾಧನಕ್ರಮವು ಮನನೀಯ. ಇಂಥ ವಾಕ್ಯವಿಲ್ಲ ಎಂಬುದು ಅಭಾವದ ಪ್ರತಿಜ್ಞೆ. ವಾಕ್ಯಗಳು ಅನಂತ, ಹುಡುಕಿ ಕಾಣಲಿಲ್ಲವೆಂದು ಹೇಳುವಂತಿಲ್ಲ. ಭಾಟ್ಟರ ಅನುಪಲಬ್ಧಿಯೂ ಯೋಗ್ಯವಾದುದರ ಅನುಪಲಬ್ಧಿಯೇ ಆಗಬೇಕಷ್ಟೆ. ಆಟವು ಅಭಾವವನ್ನು ಭಾವರೂಪವಾದ ಒಂದು ವಸ್ತುವಿನಿಂದ, ಅಂದರೆ ಅಭೇದವಾದಿಯ ಜಯೋಪಾಯದಿಂದ, ಸಾಧಿಸಿಕೊಡುತ್ತದೆ. ಗಣಕವಿಜ್ಞಾನಿಗಳಿಗೆ ಇದು ಬರಿಯ ಕುತೂಹಲವಾಗಿ ಉಳಿಯಲಿಲ್ಲ. ದತ್ತಾಂಶಗಳನ್ನು ಕೋಷ್ಟಕಗಳಲ್ಲಿ ಇಟ್ಟು ಪ್ರಶ್ನೆ ಕೇಳುವ ಪದ್ಧತಿಯನ್ನು 1970ರಲ್ಲಿ ಎಡ್ಗರ್ ಕಾಡ್ ಎಂಬಾತನು ಸೂಚಿಸಿದಾಗ ಅದರ ಪ್ರಶ್ನೆಗಳ ಭಾಷೆಯು ಇದೇ ತರದ್ದಾಗಿತ್ತು. ಎಷ್ಟು ಕಡೆ ಬಂಡಿ ಬದಲಿಸಿದರೂ ಸರಿ, ಈ ಊರಿನಿಂದ ಆ ಊರಿಗೆ ಹೇಗಾದರೂ ಹೋಗಬಹುದೇ ಎಂಬ ಪ್ರಶ್ನೆಯನ್ನು ಅಂಥ ಭಾಷೆಯಲ್ಲಿ ಕೇಳಲಾಗದೆಂಬುದನ್ನು ಇಂಥ ಆಟದಿಂದ ತೋರಿಸಬಹುದು. ಭಾಷೆಗೆ ಹೊಸ ಶಕ್ತಿಯನ್ನು ಕೂಡಿಸಬೇಕೆಂಬುದು ಆಗ ನಿಶ್ಚಯವಾಗುತ್ತದೆ.

ಗಣಕಯಂತ್ರದ ಕ್ರಮವಿಧಿಗಳ ಅರ್ಥವಿಚಾರದಲ್ಲಿಯೂ ಆಟವು ಬಂದಿದೆ. ಎರಡು ಕ್ರಮವಿಧಿಗಳು ಪರ್ಯಾಯಗಳೆಂದು ಯಾವಾಗ ಹೇಳಬೇಕು? ಯಾವ ಸಂದರ್ಭದಲ್ಲಿ ಇಟ್ಟರೂ ಒಂದರ ಬದಲು ಇನ್ನೊಂದು ನಡೆಯುವುದಾದರೆ ಹಾಗೆನ್ನಬಹುದು. ಆದರೆ ಎಲ್ಲ ಸಂದರ್ಭಗಳನ್ನೂ ಪರೀಕ್ಷಿಸದೆ ಅವುಗಳ ಅರ್ಥವನ್ನೇ ನೇರವಾಗಿ ಹೇಳಿ ಇದನ್ನು ನಿರ್ಣಯಿಸುವುದು ಹೇಗೆಂಬ ತೊಡಕನ್ನು 1977ರಲ್ಲಿ ಗಾರ್ಡನ್ ಪ್ಲಾಟ್ಕಿನನು ಒಂದು ಪುಟ್ಟ ಗಣಕಭಾಷೆಯ ವಿಷಯದಲ್ಲಿ ಎತ್ತಿದನು. ಅಬ್ರಾಮ್ಸ್ಕಿ, ಜಗದೀಶನ್, ಮಲಕಾರಿಯಾ ಎಂಬವರೂ, ಹೈಲೆಂಡ್, ಓಂಗ್ ಎಂಬವರೂ ಬೇರೆಬೇರೆಯಾಗಿ ಕೊಟ್ಟು 2000ದಲ್ಲಿ ಪೂರ್ಣವಾಗಿ ಪ್ರಕಟವಾದ ಉತ್ತರಗಳಲ್ಲಿ ಕ್ರಮವಿಧಿಯ ಅರ್ಥವೆಂದರೆ ಒಂದು ಜಯೋಪಾಯಕ್ಕೆ ಹೋಲುವ ಸಂವಾದವಿಧಿ. ಪ್ರತಿಕಕ್ಷಿಯು ಅದರ ಸುತ್ತಲ ಸಂದರ್ಭ. ಇನ್ನೊಂದು ಕಡೆಯಲ್ಲಿ, ನಿಯಮವೊಂದನ್ನು ಕೊಟ್ಟರೆ ಅದನ್ನು ಎಂದೆಂದಿಗೂ ತಪ್ಪದೆ ನಡೆಸುವ ಯಂತ್ರವನ್ನು ಕಟ್ಟಬಹುದೇ ಎಂದು 1957ರಲ್ಲಿ ಅಲಾಂಜೊ ಚರ್ಚನು ಕೇಳಿದ ಪ್ರಶ್ನೆಗೆ 1969ರಲ್ಲಿ ಬ್ಯೂಖಿ, ಲ್ಯಾಂಡ್‌ವೆಬರ್ ಎಂಬವರು ಕೊನೆಯಿಲ್ಲದ ಆಟಗಳ ಮೂಲಕ ಉತ್ತರ ಕೊಟ್ಟರು. ಅಲ್ಲಿ ಯಂತ್ರವು ವಾದಿ, ಹೊರಗಿನ ಲೋಕವು ಪ್ರತಿವಾದಿ. ಎಂದೂ ಮುಗಿಯದ ಕಥೆಯನ್ನು ಯಾವ ಮಧ್ಯಸ್ಥನೂ ಕೂತು ಕೇಳಲಾರನು.

ಮಧ್ಯಸ್ಥನ ಮಾತು ಬಂದುದರಿಂದ ಉಡುಪಿಯ ಕಡೆಗೆ ತಿರುಗುವುದು ಅವಶ್ಯವಾಗಿದೆ. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ರಚಿಸಿದ ಕಥಾಲಕ್ಷಣವೆಂಬ ಚಿಕ್ಕ ಪ್ರಕರಣವು ಕಥೆಗಳನ್ನು ಪ್ರಯೋಜನದಿಂದಲೂ ಅಧಿಕಾರಿಗಳಿಂದಲೂ ವಿಭಾಗಿಸುತ್ತದೆ. ತತ್ತ್ವನಿರ್ಣಯಕ್ಕಾಗಿ ಗುರುಶಿಷ್ಯರೂ ಸಜ್ಜನರೂ ನಡೆಸುವುದು ವಾದ. ಸಜ್ಜನರೇ ಖ್ಯಾತಿಗಾಗಿಯೋ ಸ್ಪರ್ಧೆಯಿಂದಲೋ ನಡೆಸಿದರೆ ಜಲ್ಪ. ಪ್ರಾಶ್ನಿಕರು ರಾಗದ್ವೇಷವಿಲ್ಲದವರೂ ವಿದ್ಯಾವಿಶಾರದರೂ ಆಗಿರಬೇಕು. ಒಬ್ಬನೇ ಇರಬೇಕು, ಅಥವಾ ಬೆಸ ಸಂಖ್ಯೆಯವರಿರಬೇಕು. ಸಂಖ್ಯೆಯನ್ನು ಕುರಿತ ಈ ಎಚ್ಚರವು ವ್ಯವಹಾರವನ್ನು ಬಲ್ಲವರದು. ತರ್ಕಕ್ರೀಡೆಯಲ್ಲಿ ಪ್ರಾಶ್ನಿಕನಿಗೆ ಕೆಲಸವೇ ಇಲ್ಲ; ಗೆಲುವು ಯಾರದೆಂಬುದನ್ನು ನಿಯಮವೇ ಹೇಳುತ್ತದೆ. ಗಣಕವಿಜ್ಞಾನದ ಪ್ರಸಿದ್ಧವಾದ ಆಟಗಳಲ್ಲಿ ಪ್ರಾಶ್ನಿಕನನ್ನು ಉಳಿಸಿಕೊಂಡುದು 1950ರಲ್ಲಿ ಅಲನ್ ಟ್ಯೂರಿಂಗನು ಸೂಚಿಸಿದ ಅನುಕರಣದ ಆಟ. ಮರೆಯಲ್ಲಿ ಕೂತು ಉತ್ತರ ಕೊಡುವುದು ಮನುಷ್ಯನೋ ಯಂತ್ರವೋ ಎಂದು ಪ್ರಶ್ನಿಸುವವನು ಹೇಳಬೇಕು. ಯಂತ್ರವು ಅವನನ್ನು ವಂಚಿಸಿದರೆ ಅದಕ್ಕೆ ಜಯ. ವಂಚನೆಗೆ ಎಡೆಯಿರುವುದರಿಂದ ಇದು ಜಲ್ಪದ ಜಾತಿಗೆ ಸೇರತಕ್ಕದ್ದು. ಜಯೋಪಾಯದ ಆಟಗಳೊಡನೆ ಇದನ್ನು ಒಂದೇ ಸಾಲಿನಲ್ಲಿ ಕೂರಿಸುವುದು ಯುಕ್ತವಲ್ಲ.

ಆಧುನಿಕರಲ್ಲಿಯೇ ಒಬ್ಬನು ಎತ್ತಿದ ಆಕ್ಷೇಪವೊಂದು ಬಲವಾದುದು. ಆಂಗ್ಲ ತರ್ಕಜ್ಞ ವಿಲ್ಫ್ರಿಡ್ ಹಾಡ್ಜಸನು, ಈ ಆಟಗಾರರು ಏಕೆ ಗೆಲ್ಲಬಯಸಬೇಕು, ಗೆಲುವೆಂಬುದಕ್ಕೆ ಆಟದ ಹೊರಗೆ ಯಾವ ಅರ್ಥವಿದೆ, ಅದನ್ನು ಹೇಳದಿದ್ದರೆ ಆಟದ ಮಾತು ಏನನ್ನು ವಿವರಿಸಿದಂತಾಯಿತು ಎಂದು ಕೇಳಿದ್ದಾನೆ. 16 ಪದಾರ್ಥಗಳಲ್ಲಿ ನಾಲ್ಕನೆಯದಾದ ಪ್ರಯೋಜನದ ಪ್ರಶ್ನೆಯೇ ಇದು. ಮಣಿಮಾಲೆಯ ಆಟಕ್ಕೆ ಇದರ ಬಾಧೆಯಿಲ್ಲ. ಅಲ್ಲಿ ಆಟವು ಲೆಕ್ಕ ಹಾಕುವ ಒಂದು ಉಪಕರಣ, ಯಾರಿಗೂ ಗೆಲ್ಲುವ ಆಸೆ ಬೇಕಾಗಿಲ್ಲ. ಯಂತ್ರ ಮತ್ತು ಲೋಕಗಳ ಆಟಕ್ಕೂ ಇಲ್ಲ. ಅಲ್ಲಿ ಪ್ರಯೋಜನವು ಕಣ್ಣಿಗೆ ಕಾಣುವಂಥದು. ಹಿಂಟಿಕ್ಕನ ಹುಡುಕಾಟಕ್ಕೆ ಒಂದು ಪ್ರಯೋಜನವನ್ನು ಹೇಳಬಹುದು. ಆದರೆ ಸಂವಾದವೇ ತರ್ಕದ ಮೂಲವೆಂದು ಹೇಳಹೊರಟವರಿಗೆ ಈ ಆಕ್ಷೇಪವು ತಟ್ಟುತ್ತದೆ. ಅವರ ಪ್ರತಿವಾದಿಯು ಏನನ್ನೂ ಕಲಿಯುವುದಿಲ್ಲ, ಒಪ್ಪುವುದೂ ಇಲ್ಲ. ವಾದಕಥೆಯಲ್ಲಿ ಸೋತ ಶಿಷ್ಯನೇ ಲಾಭ ಪಡೆದವನು. ಈ ಫಲವನ್ನು ಯಾವ ಜಯೋಪಾಯದಲ್ಲಿಯೂ ಬರೆದಿಡಲು ಇದುವರೆಗೆ ಕಂಡ ನಿಯಮಗಳಲ್ಲಿ ಸ್ಥಳವಿಲ್ಲ.

ಭಾರತೀಯ ಗ್ರಂಥಗಳಲ್ಲಿ ಈ ಹೊಸ ಶಾಸ್ತ್ರಕ್ಕೆ ನಿಜವಾಗಿ ಸಮೀಪವಾದುದನ್ನು ಅರಸುವವರು ನ್ಯಾಯಸೂತ್ರಕ್ಕಿಂತ ಮುಂಚೆ 12ನೆಯ ಶತಮಾನದ ಶ್ರೀಹರ್ಷನ ಖಂಡನಖಂಡಖಾದ್ಯವನ್ನು ತೆರೆಯುವುದು ಮೇಲು. ಪ್ರಮಾಣಾದಿಗಳ ಸತ್ತೆಯನ್ನು ಮೊದಲು ಒಪ್ಪಿದವನಿಗೆ ಮಾತ್ರ ಕಥೆಯಲ್ಲಿ ಅಧಿಕಾರವೆಂಬ ನೈಯಾಯಿಕರ ಮಾತನ್ನು ಆತನು ಗ್ರಂಥಾರಂಭದಲ್ಲಿಯೇ ನಿರಾಕರಿಸುತ್ತಾನೆ. ಇಬ್ಬರೂ ಕಥಾನಿಯಮಗಳಿಗೆ ಕಟ್ಟುಬಿದ್ದರೆ ಸಾಕು, ಅದರಾಚೆಗೆ ಏನನ್ನೂ ಒಪ್ಪಬೇಕಾಗಿಲ್ಲವೆಂಬುದು ಆತನ ಪಕ್ಷ. ನಿಯಮವೊಂದರಿಂದಲೇ ಆಟವು ನಡೆಯಬಲ್ಲದೆಂದು ಇಷ್ಟು ಸ್ಪಷ್ಟವಾಗಿ ಕಂಡವರು ವಿರಳ. ಆದರೂ ಆತನ ವೈತಂಡಿಕನನ್ನು ಹಾಗೆಯೇ ಒಯ್ದು ಈ ಆಟಗಳಲ್ಲಿ ಕೂರಿಸಲು ಬರುವುದಿಲ್ಲ. ಲೋರೆಂಟ್ಸೆನ್ನನ ಆಟದಲ್ಲಿ 'ಇದಾದರೆ ಅದು' ಎಂಬ ಪ್ರತಿಜ್ಞೆಯನ್ನು ಖಂಡಿಸುವವನು ತಾನೇ ಮೊದಲು 'ಇದು' ಎಂಬುದನ್ನು ನುಡಿಯಬೇಕು. ಹಿಂಟಿಕ್ಕನ ಆಟದಲ್ಲಿ ಬಾಧಕನು ಹಾಗೆ ಏನನ್ನೂ ನುಡಿಯಬೇಕಾಗಿಲ್ಲ. ಆದರೆ ನಿಷೇಧವೊಂದು ಬಂದೊಡನೆ ಸ್ಥಾನಗಳು ಅದಲುಬದಲಾಗಿ, 'ಹೀಗಿಲ್ಲ' ಎಂಬುದನ್ನು ತಡೆಯುವವನು 'ಹೀಗಿದೆ' ಎಂಬುದರ ಸಾಧಕನಾಗಿಬಿಡುವನು. ಎರಡನ್ನೂ ತಳ್ಳಿ ಯಾವುದನ್ನೂ ಹಿಡಿಯದಿರುವುದೇ ವೈತಂಡಿಕನ ವ್ರತ. ಆತನ ನಿಷೇಧವು ಬರಿಯ ಪ್ರಸಜ್ಯಪ್ರತಿಷೇಧ. ಅದಕ್ಕೆ ತಕ್ಕ ಸ್ಥಾನವನ್ನು ಕೊಡಬೇಕಾದರೆ ಹಿಂಟಿಕ್ಕನ ಆಟದಲ್ಲಿ ನಿಷೇಧದ ನಿಯಮವೊಂದನ್ನೇ ಬೇರೆ ಮಾಡಿ ಬರೆಯಬೇಕಾಗುತ್ತದೆ.